ಮದ್ದಿಗಿಂತ ಪಥ್ಯ: ಬೆಳೆಗಳ ದುಂಡಾಣು ರೋಗಗಳ ಪರಿಸರಸ್ನೇಹಿ ಹತೋಟಿ ಮತ್ತು ಜನಪದ ಕೃಷಿಜ್ಞಾನ

ಜನಪದ ವೈದ್ಯದಲ್ಲಿ ಮದ್ದು ಮತ್ತು ಪಥ್ಯ ಎಂಬ ಎರಡು ಅಂಗಗಳಿವೆ. ಮದ್ದು ಕೊಡುವಂಥದು, ಪಥ್ಯ ನಡೆದುಕೊಳ್ಳುವಂಥದು. ನಮ್ಮಲ್ಲಿ ಜನಪದ ವೈದ್ಯದ ಸಂಗ್ರಹಕಾರ್ಯ ನಡೆದಾಗ ಹೆಚ್ಚಾಗಿ ದಾಖಲಾದದ್ದು ಮದ್ದು. ಯಾವ ಸೊಪ್ಪು, ಎಷ್ಟು ಪ್ರಮಾಣ, ಯಾವುದರಲ್ಲಿ ಅರೆಯಬೇಕು ಎಂಬ ವಿವರಗಳು ಸಂಗ್ರಹಗಳಲ್ಲಿ ವಿಪುಲವಾಗಿ ಸಿಗುತ್ತವೆ. ಪಥ್ಯದ ವಿವರಗಳು ಒಂದೆರಡು ಸಾಲಿಗೆ ಸೀಮಿತವಾಗಿವೆ. ಬೆಳೆಗಳ ರೋಗಗಳ ಬಗೆಗಿನ ಜನಪದ ತಿಳಿವಳಿಕೆಯನ್ನು ದಾಖಲಿಸುವಲ್ಲಿಯೂ ಇದೇ ಒಲವು ಮುಂದುವರಿದಿದೆ. ಸಗಣಿ ನೀರು, ಬೇವಿನ ಕಷಾಯ, ಗಂಜಳ, ಬೂದಿ ಇವುಗಳ ಪಟ್ಟಿ ಸಿಗುತ್ತದೆ. ಆದರೆ ಒಂದು ಹೊಲದಲ್ಲಿ ಯಾವ ಬೆಳೆಯ ಹಿಂದೆ ಯಾವುದನ್ನು ಹಾಕಬಾರದು, ರೋಗ ಬಿದ್ದ ಮಡಿಯ ನೀರನ್ನು ಎತ್ತ ಹರಿಸಬೇಕು, ಬೀಜದ ಗಡ್ಡೆಯನ್ನು ಯಾರ ಹೊಲದಿಂದ ತರಬೇಕು ಎಂಬ ನಡವಳಿಕೆಯ ವಿವರಗಳು ವಿರಳ.

ದುಂಡಾಣುಗಳಿಂದ ಬರುವ ರೋಗಗಳ ವಿಷಯದಲ್ಲಿ ಈ ಲೋಪವು ಹೆಚ್ಚು ಗಂಭೀರವಾಗುತ್ತದೆ. ಗಿಡದ ನಾಳಗಳನ್ನು ದುಂಡಾಣು ಒಮ್ಮೆ ಆಕ್ರಮಿಸಿದರೆ ಆ ಗಿಡವನ್ನು ಗುಣಪಡಿಸಬಲ್ಲ ಔಷಧಿ ಹೊಲದ ಮಟ್ಟದಲ್ಲಿ ಇಲ್ಲವೆನ್ನಬಹುದು. ಇಲ್ಲಿ ಉಳಿಯುವುದು ಪಥ್ಯವೊಂದೇ. ದುಂಡಾಣು ರೋಗಗಳ ಪರಿಸರಸ್ನೇಹಿ ಹತೋಟಿಯ ಹುರುಳು ಯಾವುದೋ ಒಂದು ದ್ರಾವಣದಲ್ಲಿಲ್ಲ, ರೋಗ ಬರುವ ದಾರಿಗಳನ್ನು ಮುಚ್ಚುವ ನಡವಳಿಕೆಯಲ್ಲಿದೆ ಎಂಬುದನ್ನೂ, ಜನಪದ ಕೃಷಿಜ್ಞಾನದ ಬೆಲೆಯನ್ನು ಆ ನೆಲೆಯಿಂದಲೇ ಕಟ್ಟಬೇಕು ಎಂಬುದನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ರೋಗದ ಸ್ವರೂಪ ಮತ್ತು ಹೆಸರು

ಸಸ್ಯಗಳಿಗೂ ದುಂಡಾಣುಗಳಿಂದ ರೋಗ ಬರುತ್ತದೆ ಎಂಬ ತಿಳಿವಳಿಕೆ ವಿಜ್ಞಾನದಲ್ಲಿ ಬಹಳ ಹಳೆಯದಲ್ಲ. ಅಮೆರಿಕದ ಥಾಮಸ್ ಬರ‍್ರಿಲ್ ಅವರು ಪೇರ್ ಹಣ್ಣಿನ ಗಿಡದ ಬೆಂಕಿರೋಗಕ್ಕೆ ದುಂಡಾಣು ಕಾರಣವೆಂದು 1880ರ ಸುಮಾರಿಗೆ ಸೂಚಿಸಿದರು. 1896ರಲ್ಲಿ ಎರ್ವಿನ್ ಸ್ಮಿತ್ ಅವರು ಟೊಮೆಟೊ, ಬದನೆ, ಆಲೂಗಡ್ಡೆಗಳ ಸೊರಗು ರೋಗದ ದುಂಡಾಣುವನ್ನು ವಿವರಿಸಿದರು. ಇಂದು ಅದನ್ನು ರಾಲ್‌ಸ್ಟೋನಿಯ ಸೊಲನೇಸಿಯೇರಮ್ ಎಂದು ಕರೆಯಲಾಗುತ್ತದೆ. ಜರ್ಮನಿಯ ಆಲ್‌ಫ್ರೆಡ್ ಫಿಶರ್ ಅವರು ಈ ವಾದವನ್ನು ಒಪ್ಪದೆ ಸ್ಮಿತ್ ಅವರೊಡನೆ ದೀರ್ಘವಾದ ಚರ್ಚೆಯನ್ನೇ ನಡೆಸಿದರು.

ದುಂಡಾಣುವಿನ ಒಂದು ಗುಣ ಇಲ್ಲಿ ಮುಖ್ಯವಾದುದು. ಅನೇಕ ಶಿಲೀಂಧ್ರಗಳು ಎಲೆಯ ಮೇಲ್ಪೊರೆಯನ್ನು ತಾವೇ ಕೊರೆದು ಒಳನುಗ್ಗಬಲ್ಲವು. ದುಂಡಾಣುವಿಗೆ ಆ ಶಕ್ತಿಯಿಲ್ಲ. ಅದಕ್ಕೆ ತೆರೆದ ಬಾಗಿಲು ಬೇಕು. ಎಲೆಯ ಸಹಜ ರಂಧ್ರಗಳು, ಬೇರು ಒಡೆಯುವಾಗ ಆಗುವ ಬಿರುಕು, ಕುಡುಗೋಲಿನ ಗಾಯ, ಹುಳು ಕೊರೆದ ತೂತು ಇವೇ ಆ ಬಾಗಿಲುಗಳು. ಬಾಗಿಲಿನವರೆಗೆ ಅದನ್ನು ಹೊತ್ತು ತರುವವು ಬೀಜ, ಮಣ್ಣು, ನೀರು ಮತ್ತು ಮನುಷ್ಯನ ಕೈ. ಹತೋಟಿಯ ಸಾಧ್ಯತೆಗಳನ್ನೆಲ್ಲ ಈ ಒಂದು ಸಂಗತಿಯೇ ನಿರ್ಧರಿಸುತ್ತದೆ.

ರೈತರ ಭಾಷೆಯಲ್ಲಿ ದುಂಡಾಣು ಎಂಬ ಕಲ್ಪನೆ ಇರಲಿಲ್ಲ. ಸೊರಗು, ಕೊಳೆ, ಕಜ್ಜಿ, ಸುಡುವುದು ಮುಂತಾದ ಹೆಸರುಗಳು ಕಣ್ಣಿಗೆ ಕಾಣುವ ಲಕ್ಷಣವನ್ನು ಹಿಡಿದವು. ಒಂದೇ ಹೆಸರಿನ ಅಡಿಯಲ್ಲಿ ಶಿಲೀಂಧ್ರ ರೋಗವೂ ದುಂಡಾಣು ರೋಗವೂ ಬರುವುದುಂಟು. ಶುಂಠಿಯ ಗಡ್ಡೆಕೊಳೆ ಮತ್ತು ದುಂಡಾಣು ಸೊರಗು ಇದಕ್ಕೆ ಒಳ್ಳೆಯ ನಿದರ್ಶನ. ಇವೆರಡನ್ನು ಬೇರ್ಪಡಿಸಲು ಕೃಷಿ ವಿಜ್ಞಾನಿಗಳು ಸೂಚಿಸುವ ಪರೀಕ್ಷೆ ಅತ್ಯಂತ ಸರಳವಾದುದು. ಸೊರಗಿದ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿದರೆ, ದುಂಡಾಣು ರೋಗವಿದ್ದಲ್ಲಿ ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ನೀರಿಗೆ ಇಳಿಯುತ್ತದೆ. ಶಿಲೀಂಧ್ರದಿಂದ ಕೊಳೆತ ಕಾಂಡದಲ್ಲಿ ಹೀಗಾಗುವುದಿಲ್ಲ.

ಹೆಸರುಗಳ ಪೈಕಿ ‘ಅಂಗಮಾರಿ’ ಎಂಬುದು ವಿಶೇಷ ಗಮನಕ್ಕೆ ಅರ್ಹ. ಕೃಷಿ ಇಲಾಖೆಯ ಕರಪತ್ರಗಳಲ್ಲಿಯೂ ನೆಲೆಗೊಂಡಿರುವ ಈ ಪದದೊಳಗೆ ಮಾರಿ ಇದ್ದಾಳೆ. ಮಾರಿ ಎಂದರೆ ಹೊರಗಿನಿಂದ ಬರುವ, ಒಬ್ಬರಿಂದ ಒಬ್ಬರಿಗೆ ಹಾಯುವ ಬೇನೆ. ಊರಿನ ಗಡಿಯಲ್ಲಿ ಅವಳನ್ನು ತಡೆಯಬೇಕು, ಬಂದಿದ್ದರೆ ಗಡಿ ದಾಟಿಸಬೇಕು ಎಂಬುದು ಮಾರಿ ಆಚರಣೆಗಳ ತಿರುಳು. ತುಳುನಾಡಿನ ಆಟಿ ಕಳಂಜನೂ ಆಟಿ ತಿಂಗಳಲ್ಲಿ ಮನೆಮನೆಗೆ ಬಂದು ಜನ, ದನ, ಬೆಳೆ ಮೂರಕ್ಕೂ ತಗಲುವ ಮಾರಿಯನ್ನು ಕಳೆಯುತ್ತಾನೆಂಬ ನಂಬಿಕೆಯಿದೆ. ಬೆಳೆಯ ರೋಗವನ್ನು ಗಡಿ ದಾಟಿ ಬರುವ ಸಾಂಕ್ರಾಮಿಕವೆಂದು ಗ್ರಹಿಸಿದ ಮನಸ್ಸು ಈ ಪದದಲ್ಲಿ ಕಾಣುತ್ತದೆ. ಇದು ದುಂಡಾಣುವಿನ ಅರಿವಲ್ಲ. ಆದರೆ ಹತೋಟಿಗೆ ಬೇಕಾದ ಮುಖ್ಯ ಗ್ರಹಿಕೆ ಇದರಲ್ಲಿದೆ.

ಬೀಜದ ಪಥ್ಯ

ಭತ್ತ, ಹತ್ತಿ, ಶುಂಠಿ ಮುಂತಾದ ಬೆಳೆಗಳಲ್ಲಿ ದುಂಡಾಣು ಬೀಜ ಅಥವಾ ಗಡ್ಡೆಯ ಜೊತೆಗೆ ಹೊಸ ಹೊಲಕ್ಕೆ ಬರಬಲ್ಲದು. ಬೆಳೆ ನಿಂತಿರುವಾಗಲೇ ಚೆನ್ನಾದ ತೆನೆಗಳನ್ನು ಗುರುತಿಸಿ ಬೇರೆ ತೆಗೆದಿಡುವುದು, ಬಿಸಿಲಿನಲ್ಲಿ ಒಣಗಿಸುವುದು, ಅಟ್ಟದಲ್ಲಿ ಹೊಗೆ ತಾಗುವಂತೆ ಕಾಪಿಡುವುದು ಇವು ಕರ್ನಾಟಕದ ಬಹುತೇಕ ಭಾಗಗಳಲ್ಲಿ ಹೆಂಗಸರ ಕೈಯಲ್ಲಿದ್ದ ಕೆಲಸಗಳು. ರೋಗದ ಹೊಲದಿಂದ ಬೀಜ ಎತ್ತದಿರುವುದು ಈ ಆಯ್ಕೆಯ ಮೊದಲ ನಿಯಮ. ಇಂದಿನ ಬೀಜ ಪ್ರಮಾಣೀಕರಣದಲ್ಲಿ ನಿಂತ ಬೆಳೆಯನ್ನೇ ಪರಿಶೀಲಿಸುವುದರ ಹಿಂದೆಯೂ ಇದೇ ತತ್ವವಿದೆ.

ಈ ಆಯ್ಕೆಗೆ ಒಂದು ಮಿತಿಯೂ ಇದೆ. ಶುಂಠಿಯ ಗಡ್ಡೆಯೊಳಗೆ ದುಂಡಾಣು ಯಾವ ಹೊರಲಕ್ಷಣವನ್ನೂ ತೋರದೆ ಅಡಗಿರಬಲ್ಲದು. ಅಂಥ ಗಡ್ಡೆಯನ್ನು ಕಣ್ಣಿನಿಂದ ಆರಿಸಲಾಗದು. ಅದು ಬೆಳೆದ ಹೊಲದ ಚರಿತ್ರೆಯನ್ನು ತಿಳಿದರೆ ಮಾತ್ರ ಆರಿಸಬಹುದು. ಪರಿಚಿತರ ಹೊಲದಿಂದಲೇ ಬೀಜ ತರುವ ಕಟ್ಟುಪಾಡಿನ ಬೆಲೆ ಇಲ್ಲಿ ತಿಳಿಯುತ್ತದೆ. 1990ರ ದಶಕದಿಂದೀಚೆಗೆ ವಯನಾಡಿನ ಬೆಳೆಗಾರರು ಕೊಡಗು, ಮೈಸೂರು, ಹಾಸನ, ಶಿವಮೊಗ್ಗ ಜಿಲ್ಲೆಗಳಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವುದು ವ್ಯಾಪಕವಾಯಿತು. ಬೀಜದ ಗಡ್ಡೆ ಲಾರಿಗಳಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಸಾಗತೊಡಗಿದಾಗ ಗಡ್ಡೆಯ ಹಿಂದಿನ ಹೊಲ ಯಾರದು, ಅಲ್ಲಿ ರೋಗವಿತ್ತೇ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಇಲ್ಲವಾದರು.

ಬೀಜದ ಪಥ್ಯಕ್ಕೆ ಮತ್ತೊಂದು ಮುಖವಿದೆ, ಅದು ತಳಿಯ ಆಯ್ಕೆ. ಭತ್ತದ ದುಂಡಾಣು ಎಲೆ ಅಂಗಮಾರಿಯನ್ನು ತಡೆಯುವ ಎಕ್ಸ್‌ಎ 21 ಎಂಬ ವಂಶವಾಹಿ ದೊರೆತದ್ದು ಆಫ್ರಿಕಾದ ಮಾಲಿ ದೇಶದ ಒಂದು ಕಾಡುಭತ್ತದಲ್ಲಿ. ಅದರೊಡನೆ ಇನ್ನೆರಡು ವಂಶವಾಹಿಗಳನ್ನು ಸೇರಿಸಿ ಹೈದರಾಬಾದಿನ ಸಂಶೋಧನಾ ಸಂಸ್ಥೆಗಳು ರೂಪಿಸಿದ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಸೊರಗು ರೋಗವೂ ಸೇರಿದಂತೆ ಮೂರು ರೋಗಗಳನ್ನು ತಡೆದುಕೊಳ್ಳುತ್ತದೆ. ಬದನೆ, ಟೊಮೆಟೊಗಳನ್ನು ಸುಂಡೆಕಾಯಿಯ ಬೇರುಗಿಡಕ್ಕೆ ಕಸಿಮಾಡಿ ಸೊರಗನ್ನು ತಪ್ಪಿಸುವ ವಿಧಾನವೂ ರೂಢಿಗೆ ಬಂದಿದೆ. ಕಾಡುಗಿಡವನ್ನೂ ನಾಟಿ ತಳಿಯನ್ನೂ ಬೇಲಿಯ ಬದಿಯಲ್ಲಿ ಉಳಿಸಿಕೊಂಡ ಸಮುದಾಯಗಳು ಹೊಸ ತಳಿಗಳಿಗೆ ಬೇಕಾದ ಮೂಲದ್ರವ್ಯವನ್ನೇ ಉಳಿಸಿಕೊಂಡಿವೆ ಎಂಬುದನ್ನು ಇವು ತೋರಿಸುತ್ತವೆ.

ನೆಲದ ಪಥ್ಯ

ಸೊರಗು ರೋಗದ ದುಂಡಾಣು 50ಕ್ಕೂ ಹೆಚ್ಚು ಕುಟುಂಬಗಳ 200ಕ್ಕೂ ಹೆಚ್ಚು ಜಾತಿಯ ಸಸ್ಯಗಳಿಗೆ ತಗಲಬಲ್ಲದು ಮತ್ತು ಮಣ್ಣಿನಲ್ಲಿ ಬಹುಕಾಲ ಉಳಿಯಬಲ್ಲದು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಇವುಗಳಲ್ಲಿ ಒಂದರ ಹಿಂದೆ ಒಂದನ್ನು ಹಾಕಿದರೆ ಅದು ಹೆಚ್ಚುತ್ತಲೇ ಹೋಗುತ್ತದೆ. ನಡುವೆ ರಾಗಿ, ಜೋಳ, ಭತ್ತದಂಥ ಧಾನ್ಯದ ಬೆಳೆ ಬಂದರೆ ಅದರ ಆಹಾರದ ಸರಪಳಿ ಕಡಿಯುತ್ತದೆ. ಕರಾವಳಿಯಲ್ಲಿ ಮಳೆಗಾಲದ ಭತ್ತ ಕಟಾವಾದ ಬಳಿಕ ಅದೇ ಗದ್ದೆಯಲ್ಲಿ ತರಕಾರಿ ಬೆಳೆಯುವ ಪದ್ಧತಿಯನ್ನು ಈ ದೃಷ್ಟಿಯಿಂದ ನೋಡಬೇಕು. ತಿಂಗಳುಗಟ್ಟಲೆ ನೀರು ನಿಂತ ಮಣ್ಣು ತರಕಾರಿಯ ಹಲವು ಮಣ್ಣುರೋಗಗಳಿಗೆ ಒಗ್ಗದ ಮಣ್ಣು.

ಕಟಾವಿನ ನಂತರದ ಮಾಗಿ ಉಳುಮೆ, ಬೇಸಿಗೆಯಲ್ಲಿ ಹೆಂಟೆ ಮಗುಚಿ ಬಿಸಿಲಿಗೆ ಬಿಡುವುದು, ಕರಾವಳಿಯ ತರಕಾರಿ ಮತ್ತು ಮಲ್ಲಿಗೆ ಬೆಳೆಗಾರರ ಸುಡುಮಣ್ಣು ಇವು ಮಣ್ಣನ್ನು ಕಾಯಿಸುವ ಮೂರು ಜನಪದ ವಿಧಾನಗಳು. ಸುಡುಮಣ್ಣಿನಲ್ಲಿ ಮಣ್ಣನ್ನೂ ಕಸಕಡ್ಡಿಯನ್ನೂ ಪದರ ಪದರವಾಗಿ ಒಟ್ಟಿ ನಿಧಾನವಾಗಿ ಬೇಯಿಸಲಾಗುತ್ತದೆ. ಗೊಬ್ಬರವೆಂದು ಬಳಸುವ ಈ ಮಣ್ಣು ರೋಗಾಣುಗಳಿಂದಲೂ ಬಹುಮಟ್ಟಿಗೆ ಮುಕ್ತವಾದುದು. 1976ರಲ್ಲಿ ಇಸ್ರೇಲಿನ ಜೆ. ಕಟಾನ್ ಮತ್ತು ಸಂಗಡಿಗರು ಪ್ರಕಟಿಸಿದ ಮಣ್ಣಿನ ಸೌರೀಕರಣ ವಿಧಾನದಲ್ಲಿ ತೇವವಾದ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕೆಲವು ವಾರ ಹೊದಿಸಿ ಬಿಸಿಲಿನಿಂದಲೇ ಮಣ್ಣನ್ನು ಕಾಯಿಸುತ್ತಾರೆ. ಕೋಳಿಕ್ಕೋಡಿನ ಭಾರತೀಯ ಸಾಂಬಾರು ಬೆಳೆಗಳ ಸಂಶೋಧನಾ ಸಂಸ್ಥೆಯು ಶುಂಠಿಯ ಸೊರಗಿಗೆ ಇದನ್ನು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಉಪಕಾರಿ ದುಂಡಾಣುವಿನೊಡನೆ ಸೂಚಿಸಿದೆ. ಮಣ್ಣು ಕಾದ ಮೇಲೆ ತೆರವಾದ ಜಾಗವನ್ನು ಉಪಕಾರಿ ಜೀವಿ ಮೊದಲು ಹಿಡಿಯಲಿ ಎಂಬುದು ಇದರ ಹಿಂದಿನ ತರ್ಕ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮಣ್ಣಿಗೆ ತರುವ ಅಸಂಖ್ಯ ಸೂಕ್ಷ್ಮಜೀವಿಗಳಿಂದಲೂ ಇಂಥ ಸ್ಪರ್ಧೆ ಉಂಟಾಗುತ್ತದೆ.

ಶುಂಠಿ ಬೆಳೆದ ನೆಲದಲ್ಲಿ ಮರುವರ್ಷವೇ ಶುಂಠಿ ಹಾಕಬಾರದು ಎಂಬ ನಿಯಮವನ್ನು ಗುತ್ತಿಗೆ ಬೆಳೆಗಾರರೂ ಪಾಲಿಸುತ್ತಾರೆ. ಆದರೆ ಅವರು ಅದನ್ನು ಪಾಲಿಸುವುದು ಹೊಸ ನೆಲಕ್ಕೆ ತೆರಳುವುದರ ಮೂಲಕ. ರೋಗದ ಮಣ್ಣು ನೆಲದ ಒಡೆಯನ ಪಾಲಿಗೆ ಉಳಿಯುತ್ತದೆ. ನಿಯಮ ಅದೇ ಆಗಿದ್ದರೂ ನೆಲದೊಡನೆ ಇದ್ದ ಸಂಬಂಧ ಬದಲಾದಾಗ ಅದರ ಫಲವೇ ತಿರುವುಮುರುವಾಗುತ್ತದೆ.

ನೀರು ಮತ್ತು ಗಾಯ

ಭತ್ತದ ಎಲೆ ಅಂಗಮಾರಿಯ ದುಂಡಾಣು ಗದ್ದೆಯಿಂದ ಗದ್ದೆಗೆ ಹರಿಯುವ ನೀರಿನಲ್ಲಿ ಸಾಗುತ್ತದೆ. ಗಾಳಿಮಳೆಯಲ್ಲಿ ಎಲೆಗೆ ಎಲೆ ಉಜ್ಜಿ ಆದ ಗಾಯಗಳಲ್ಲಿ ಒಳಹೊಗುತ್ತದೆ. ಸಾರಜನಕ ಹೆಚ್ಚಾದ, ಸೊಕ್ಕಿ ಬೆಳೆದ ಪೈರಿನಲ್ಲಿ ಉಲ್ಬಣಿಸುತ್ತದೆ. ರೋಗದ ಗದ್ದೆಯ ನೀರನ್ನು ಬಸಿದು ಬಿಡುವುದು, ಆ ನೀರು ಬೇರೆ ಗದ್ದೆಗೆ ಹಾಯದಂತೆ ನೋಡಿಕೊಳ್ಳುವುದು, ಯೂರಿಯಾವನ್ನು ಕಂತುಗಳಲ್ಲಿ ಕೊಡುವುದು ವಿಜ್ಞಾನಿಗಳ ಸಲಹೆ. ಆದರೆ ನೀರು ಒಬ್ಬನ ಸೊತ್ತಲ್ಲ. ಹಳೆಯ ಮೈಸೂರಿನ ಕೆರೆ ಬಯಲುಗಳಲ್ಲಿ ಯಾವ ತೂಬಿನಿಂದ ಯಾವ ಗದ್ದೆಗೆ ಯಾವಾಗ ನೀರು ಎಂಬುದನ್ನು ನೀರುಗಂಟಿ ನಿರ್ಧರಿಸುತ್ತಿದ್ದ. ನೀರಿನ ದಾರಿಯನ್ನು ಬಲ್ಲವನು ರೋಗದ ದಾರಿಯನ್ನೂ ತಡೆಯಬಲ್ಲವನಾಗಿರುತ್ತಾನೆ. ಈ ವ್ಯವಸ್ಥೆ ಸಡಿಲಗೊಂಡಲ್ಲಿ ಪ್ರತಿಯೊಬ್ಬ ರೈತನೂ ತನ್ನ ಗದ್ದೆಯ ಮಾರಿಯನ್ನು ಕೆಳಗಿನ ಗದ್ದೆಗೆ ದಾಟಿಸುವವನಾಗುತ್ತಾನೆ.

ಗಾಯದ ವಿಷಯದಲ್ಲಿ ಜನಪದ ರೂಢಿಯೇ ರೋಗಕ್ಕೆ ಎಡೆಮಾಡುವ ಸಂದರ್ಭವೂ ಇದೆ. ನಾಟಿಯ ವೇಳೆಗೆ ಸಸಿ ಉದ್ದವಾಗಿದ್ದರೆ ಅದರ ತುದಿಯನ್ನು ಕತ್ತರಿಸಿ ನೆಡುವುದು ಹಲವೆಡೆಯ ರೂಢಿ. ಇದರಿಂದ ಕಾಂಡಕೊರಕದ ಮೊಟ್ಟೆಗಳು ತುದಿಯೊಡನೆ ಹೋಗುತ್ತವೆ. ಆದರೆ ಕತ್ತರಿಸಿದ ತುದಿ ದುಂಡಾಣುವಿಗೆ ತೆರೆದ ಬಾಗಿಲು. ನಾಟಿಯಾದ ಎಳೆಯ ಪೈರು ಪೂರ್ತಿಯಾಗಿ ಬಾಡಿಹೋಗುವ ಈ ರೋಗದ ಉಗ್ರರೂಪಕ್ಕೆ ಇದೂ ಒಂದು ಕಾರಣ. ಹೀಗಾಗಿ ಅಂಗಮಾರಿ ಇರುವ ಪ್ರದೇಶಗಳಲ್ಲಿ ತುದಿ ಕತ್ತರಿಸಬಾರದೆಂದು ಸೂಚಿಸಲಾಗುತ್ತದೆ. ಒಂದು ಕೇಡಿಗೆ ಪಥ್ಯವಾದದ್ದು ಇನ್ನೊಂದಕ್ಕೆ ಅಪಥ್ಯವಾಗಬಹುದು. ಜನಪದವೆಂಬ ಕಾರಣಕ್ಕೇ ಒಂದು ರೂಢಿಯನ್ನು ಎತ್ತಿಹಿಡಿಯುವುದು ಅದನ್ನು ಕಡೆಗಣಿಸಿದಷ್ಟೇ ತಪ್ಪು.

ಸಿಂಪಡಣೆ: ಸಗಣಿ ಮತ್ತು ಮೈಲುತುತ್ತ

ಮದ್ದಿಗೆ ಸ್ಥಾನವೇ ಇಲ್ಲವೆಂದು ಇದರ ಅರ್ಥವಲ್ಲ. ಕೇರಳ ಕೃಷಿ ವಿಶ್ವವಿದ್ಯಾನಿಲಯವು ಭತ್ತದ ಎಲೆ ಅಂಗಮಾರಿಗೆ ಹಸಿ ಸಗಣಿಯ ತಿಳಿನೀರಿನ ಸಿಂಪಡಣೆಯನ್ನು ತನ್ನ ಶಿಫಾರಸುಗಳಲ್ಲಿ ಸೇರಿಸಿದೆ. ಒಂದು ಲೀಟರ್ ನೀರಿಗೆ 20 ಗ್ರಾಂ ಸಗಣಿ ಕದಡಿ, ತಳ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಸೋಸಿ ಬಳಸಬೇಕು. ಸಗಣಿಯಲ್ಲಿರುವ ಬ್ಯಾಸಿಲಸ್ ಮುಂತಾದ ಜೀವಿಗಳು ಎಲೆಯ ಮೇಲೆ ರೋಗಾಣುವಿನೊಡನೆ ಸ್ಪರ್ಧಿಸುವುದು, ಗಿಡದ ಸ್ವಂತ ರಕ್ಷಣೆಯನ್ನು ಎಚ್ಚರಿಸುವುದು ಇದರ ಕಾರ್ಯವಿಧಾನವೆಂದು ತಿಳಿಯಲಾಗಿದೆ. ಆದರೆ ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳ ಮೇಲೆ ಕೊಯ್ಲಿನ ಹೊತ್ತಿಗೆ ಇದನ್ನು ಸಿಂಪಡಿಸುವುದು ಸಲ್ಲದು. ಮನುಷ್ಯರಿಗೆ ರೋಗ ತರುವ ಜೀವಿಗಳೂ ಸಗಣಿಯಲ್ಲಿರಬಲ್ಲವು.

ತಾಮ್ರದ ದ್ರಾವಣದ ಕಥೆ ಬೇರೆ ಬಗೆಯದು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಅವರು ದ್ರಾಕ್ಷಿಗಾಗಿ ಪ್ರಕಟಿಸಿದ ಬೋರ್ಡೋ ದ್ರಾವಣವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್‌ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಪ್ರಚಾರಕ್ಕೆ ತಂದರು. ಕೊಳೆರೋಗ ದುಂಡಾಣುವಿನದಲ್ಲ, ಆದರೆ ಅಲ್ಲಿ ಕಲಿತ ಕೌಶಲ ದುಂಡಾಣು ರೋಗಗಳಿಗೂ ಬಳಕೆಯಾಯಿತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ, ದ್ರಾವಣಕ್ಕೆ ಹೊಳಪಿನ ಕಬ್ಬಿಣದ ಕತ್ತಿಯನ್ನು ಅದ್ದಿ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಸೇರಿಸುವ ಪರೀಕ್ಷೆ, ಇವು ಮಲೆನಾಡಿನ ಔಷಧಿ ಹೊಡೆಯುವವರು ಬಾಯಿಂದ ಬಾಯಿಗೆ ಕಲಿತ ವಿದ್ಯೆಯಾಗಿವೆ. ಪ್ರಯೋಗಾಲಯದ ಜ್ಞಾನ ಒಂದು ಶತಮಾನದಲ್ಲಿ ಜನಪದವಾಗುವ ಬಗೆಗೆ ಇದು ಉತ್ತಮ ನಿದರ್ಶನ. ತಾಮ್ರ ಮಣ್ಣಿನಲ್ಲಿ ಕರಗಿಹೋಗದೆ ಸಂಚಯವಾಗುತ್ತದೆ ಎಂಬ ಎಚ್ಚರವೂ ಅಗತ್ಯ. ಯೂರೋಪಿನ ಒಕ್ಕೂಟದಲ್ಲಿ ಏಳು ವರ್ಷಗಳಿಗೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿಯಿದೆ.

ದಾಳಿಂಬೆ ಮತ್ತು ಮಳೆ ನಕ್ಷತ್ರ

ಮೇಲಿನ ಎಲ್ಲ ಅಂಶಗಳೂ ಒಟ್ಟಾಗಿ ಕಾಣುವುದು ದಾಳಿಂಬೆಯ ದುಂಡಾಣು ಅಂಗಮಾರಿಯಲ್ಲಿ. 1952ರಲ್ಲಿ ದೆಹಲಿಯಿಂದ ಮೊದಲು ವರದಿಯಾದ ಈ ರೋಗ 2002ರಿಂದೀಚೆಗೆ ಬಾಗಲಕೋಟೆ, ವಿಜಯಪುರ, ಕೊಪ್ಪಳ, ಚಿತ್ರದುರ್ಗ ಭಾಗಗಳ ತೋಟಗಳನ್ನು ತೀವ್ರವಾಗಿ ಬಾಧಿಸಿತು. ಎಲೆ ಮತ್ತು ಕಾಯಿಯ ಮೇಲೆ ಎಣ್ಣೆ ಸವರಿದಂಥ ಚುಕ್ಕೆಗಳೇಳುವುದರಿಂದ ಮರಾಠಿ ರೈತರು ಇದನ್ನು ‘ತೇಲ್ಯಾ’ ಎಂದು ಕರೆದರು. ಚುಕ್ಕೆ ಕಪ್ಪಾಗಿ ಕಾಯಿ ಸೀಳುತ್ತದೆ. ಸಾಲ ತಂದು ತೋಟ ಮಾಡಿದ ಅನೇಕರು ಗಿಡಗಳನ್ನೇ ಕಿತ್ತು ಹಾಕಿದರು. ಸೊಲ್ಲಾಪುರದಲ್ಲಿ 2005ರಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಸ್ಥಾಪನೆಯಾದ ಮೇಲೆ ಈ ರೋಗದ ಅಧ್ಯಯನ ಅದರ ಮುಖ್ಯ ಕೆಲಸಗಳಲ್ಲೊಂದಾಯಿತು.

ಆತಂಕದಲ್ಲಿದ್ದ ಬೆಳೆಗಾರರು ಮೊರೆಹೊಕ್ಕದ್ದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸೇರಿದ ಪುಡಿಗೆ. 1943ರಲ್ಲಿ ಪತ್ತೆಯಾದ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಕ್ಕೆ ಮೊದಲ ಪರಿಣಾಮಕಾರಿ ಔಷಧಿ. ಮನುಷ್ಯರ ಜೀವ ಉಳಿಸುವ ಮದ್ದನ್ನು ತೋಟಕ್ಕೆ ಪದೇ ಪದೇ ಸುರಿದರೆ ಅದಕ್ಕೆ ಜಗ್ಗದ ದುಂಡಾಣುಗಳು ಹುಟ್ಟಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದ ಪೇರ್ ತೋಟಗಳಲ್ಲಿ 1970ರ ದಶಕದ ಆರಂಭದಲ್ಲಿಯೇ ಇದು ಕಂಡುಬಂದಿತ್ತು. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಕೃಷಿಯಲ್ಲಿ ಈ ಔಷಧಿಗಳ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಪ್ರಕಟಿಸಿತು.

ಇದಕ್ಕೆ ಬದಲಾಗಿ ನಿಲ್ಲುವುದು ಮತ್ತೆ ಪಥ್ಯವೇ. ದಾಳಿಂಬೆಯಲ್ಲಿ ನೀರು ನಿಲ್ಲಿಸಿ, ಎಲೆ ಉದುರಿಸಿ, ಬೇಕಾದ ಕಾಲಕ್ಕೆ ಹೂ ಬರಿಸುವ ಪದ್ಧತಿಯಿದೆ. ಇದನ್ನು ಬಹಾರ್ ಎನ್ನುತ್ತಾರೆ. ಮೃಗ ಬಹಾರ್, ಹಸ್ತ ಬಹಾರ್ ಎಂಬ ಹೆಸರುಗಳು ರೈತರ ಮಳೆ ನಕ್ಷತ್ರಗಳಿಂದ ಬಂದವು. ಮೂರನೆಯದು ಜನವರಿ–ಫೆಬ್ರವರಿಯ ಅಂಬೆ ಬಹಾರ್. ಮೃಗಶಿರ ಮಳೆಯ ಹೊತ್ತಿಗೆ ಹೂ ಬರಿಸಿದರೆ ಕಾಯಿ ಬಲಿಯುವ ಕಾಲ ಮಳೆ ಮೋಡಗಳ ಕಾಲವಾಗುತ್ತದೆ. ತೇವ ಮತ್ತು ಸೆಕೆ ಸೇರಿ ರೋಗ ಹಬ್ಬುತ್ತದೆ. ಹಸ್ತಾ ಮಳೆಯ ಸುಮಾರಿಗೆ ಹೂ ಬರಿಸಿದರೆ ಕಾಯಿ ಚಳಿಗಾಲದ ಒಣಹವೆಯಲ್ಲಿ ಬೆಳೆಯುತ್ತದೆ. ಆದ್ದರಿಂದ ರೋಗಪೀಡಿತ ಪ್ರದೇಶಗಳಿಗೆ ಹಸ್ತ ಬಹಾರನ್ನು ಸೂಚಿಸಲಾಗುತ್ತದೆ. ಇದರೊಡನೆ ಫಸಲಿನ ನಂತರ ಗಿಡಕ್ಕೆ ಕೆಲವು ತಿಂಗಳ ವಿಶ್ರಾಂತಿ, ರೋಗದ ಕಲೆಯಿಂದ ಎರಡು ಅಂಗುಲ ಕೆಳಗೆ ಸವರುವುದು, ಒಂದು ಗಿಡದಿಂದ ಮತ್ತೊಂದಕ್ಕೆ ಹೋಗುವಾಗ ಕತ್ತರಿಯನ್ನು ಸೋಂಕುನಿವಾರಕದಲ್ಲಿ ಅದ್ದುವುದು, ಬಿದ್ದ ಎಲೆಕಾಯಿಗಳನ್ನು ಆಯ್ದು ಸುಡುವುದು, ಸವರಿದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದು, ರೋಗವಿಲ್ಲದ ತಾಯಿಗಿಡದಿಂದಲೇ ಸಸಿ ತರುವುದು ಸೇರಬೇಕು. ಇವುಗಳಲ್ಲಿ ಯಾವ ಒಂದೂ ಒಂಟಿಯಾಗಿ ಸಾಲದು. ಪಕ್ಕದ ತೋಟದವನು ಇವನ್ನು ಕೈಬಿಟ್ಟರೆ ಗಾಳಿಮಳೆ ಬೇಲಿಯನ್ನು ಲೆಕ್ಕಿಸುವುದಿಲ್ಲ.

ದಾಖಲಾತಿಯ ಪ್ರಶ್ನೆ

ಜನಪದ ಕೃಷಿಜ್ಞಾನವನ್ನು ಕುರಿತ ಬರಹಗಳಲ್ಲಿ ಎರಡು ಅತಿಗಳು ಕಾಣುತ್ತವೆ. ಹಿಂದಿನವರಿಗೆ ದುಂಡಾಣುವೂ ಗೊತ್ತಿತ್ತು ಎಂಬುದು ಒಂದು. ಇಮ್ಮಡಿ ಚಾವುಂಡರಾಯನ ಲೋಕೋಪಕಾರ (ಸು. 1025) ಕನ್ನಡದಲ್ಲಿಯೇ ವೃಕ್ಷಾಯುರ್ವೇದವನ್ನು ವಿವರಿಸುತ್ತದೆ, ಸುರಪಾಲನ ಸಂಸ್ಕೃತ ವೃಕ್ಷಾಯುರ್ವೇದವೂ ಪ್ರಸಿದ್ಧ. ಸುರಪಾಲನಲ್ಲಿ ಗಿಡದ ಬೇನೆಗಳನ್ನು ವಾತ, ಪಿತ್ತ, ಕಫಗಳ ನೆಲೆಯಲ್ಲಿ ವಿಂಗಡಿಸಲಾಗಿದೆ. ಇಂಥ ಗ್ರಂಥಗಳಲ್ಲಿ ದುಂಡಾಣುವನ್ನು ಹುಡುಕುವುದು ಅವುಗಳಿಗೇ ಅನ್ಯಾಯ. ಆಚರಣೆಗಳೆಲ್ಲ ಬರಿಯ ಮೂಢನಂಬಿಕೆ ಎಂಬುದು ಇನ್ನೊಂದು ಅತಿ. ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ ಬೀರುವ ಹಚ್ಚಂಬಲಿ ರೋಗನಾಶಕವೆಂದು ಸಾಧಿಸಬೇಕಾಗಿಲ್ಲ. ಪೈರು ಗರ್ಭ ಕಟ್ಟಿದ ಕಾಲದಲ್ಲಿ ಮನೆಯವರು ಗದ್ದೆಯ ಅಂಚಿನುದ್ದಕ್ಕೂ ನಡೆದುಹೋಗುತ್ತಾರೆ, ಪೈರನ್ನು ನೋಡುತ್ತಾರೆ ಎಂಬುದು ಸಾಕಷ್ಟು ಮಹತ್ವದ ಸಂಗತಿ.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ಒಂದು ವಿಧಾನವನ್ನು ದಾಖಲಿಸುವಾಗ ಕನಿಷ್ಠ ಐದು ಸಂಗತಿಗಳನ್ನು ಕೇಳಿ ಬರೆಯುವುದು ಅವಶ್ಯಕ. ಅದು ಯಾವ ಲಕ್ಷಣ ಕಂಡಾಗ ಮಾಡುವಂಥದು, ಯಾವ ಮಳೆಯ, ಯಾವ ಮಣ್ಣಿನ ಸಂದರ್ಭದಲ್ಲಿ, ಪ್ರಮಾಣವೇನು, ಎಷ್ಟು ಸಲ, ಮಾಡುವವರು ಯಾರು, ಯಾವಾಗ ಅದು ಫಲಿಸಲಿಲ್ಲ. ಕೊನೆಯ ಪ್ರಶ್ನೆಯನ್ನು ಸಂಗ್ರಾಹಕರು ಕೇಳುವುದು ವಿರಳ. ಲೋಟದ ನೀರಿನ ಪರೀಕ್ಷೆಯನ್ನು ಹೊಲದಲ್ಲಿಯೇ ಮಾಡಿ ಬರೆದುಕೊಂಡರೆ, ವಕ್ತೃ ಹೇಳುವ ‘ಸೊರಗು’ ದುಂಡಾಣುವಿನದೋ ಅಲ್ಲವೋ ಎಂಬುದು ತಿಳಿದು, ಆ ದಾಖಲೆ ಸಸ್ಯರೋಗ ವಿಜ್ಞಾನಿಗೂ ಉಪಯೋಗಕ್ಕೆ ಬರುತ್ತದೆ.

ದುಂಡಾಣು ರೋಗಗಳ ಮುಂದೆ ಹೊಸ ಮದ್ದುಗಳೂ ಹಳೆಯ ಮದ್ದುಗಳೂ ಒಂದು ಮಿತಿಗೆ ನಿಲ್ಲುತ್ತವೆ. ಬೀಜ, ನೆಲ, ನೀರು, ಗಾಯ ಈ ನಾಲ್ಕನ್ನೂ ಕಾಯುವ ನಡವಳಿಕೆಯೇ ಬೆಳೆಯನ್ನು ಉಳಿಸುತ್ತದೆ. ಬೀಜ ಕಾಯುತ್ತಿದ್ದ ಹೆಂಗಸರು, ನೀರು ಕಾಯುತ್ತಿದ್ದ ನೀರುಗಂಟಿಗಳು, ಸುಡುಮಣ್ಣು ಮಾಡುತ್ತಿದ್ದ ಕರಾವಳಿಯ ಬೆಳೆಗಾರರು ತಮ್ಮ ತಿಳಿವಳಿಕೆಯನ್ನು ಗ್ರಂಥವಾಗಿ ಬರೆದಿಟ್ಟವರಲ್ಲ. ಅವರ ತಲೆಮಾರು ಮುಗಿಯುವ ಮುನ್ನ ಅವರ ಪಥ್ಯವನ್ನು ಅದರ ಕಾಲ, ದೇಶ, ಕಾರಣಗಳೊಡನೆ ದಾಖಲಿಸುವುದು ಜಾನಪದ ಅಧ್ಯಯನದ ಮುಂದಿರುವ ಕೆಲಸ.